ಬದಲಾಗುತ್ತಿರುವ ನಮ್ಮ ಕಡಲುಗಳು – 3
ಕೋರ್ಟ್ನಿ ಮ್ಯಾಟಿಸನ್, ಅಮೆರಿಕ
2014. ಗ್ಲೇಜ್ ಹಚ್ಚಿ ಸುಟ್ಟ ಸ್ಟೋನ್‌ವೇರ್ ಮತ್ತು ಪಿಂಗಾಣಿ

ದೂರದಿಂದ ನೋಡಿದರೆ ಗೋಡೆಯ ಮೇಲೆದ್ದ ಚಂಡಮಾರುತದ ಸುಳಿ. ಹತ್ತಿರ ಬಂದರೆ ನಡುವೆ ಬಣ್ಣ ತುಂಬಿದ ಹವಳಗಳು, ಅಂಚಿಗೆ ಸರಿದಂತೆ ಬರೀ ಬಿಳಿ. ಆ ಬಿಳುಪು ಅಲಂಕಾರಕ್ಕಲ್ಲ. ಕಡಲ ನೀರು ಬಿಸಿಯೇರಿದಾಗ ಹವಳದ ಜೀವಿ ತನ್ನೊಳಗಿನ ಪಾಚಿಯನ್ನು ಹೊರದಬ್ಬುತ್ತದೆ. ಆಹಾರವೂ ಬಣ್ಣವೂ ಒಟ್ಟಿಗೇ ಹೋಗಿ ಸುಣ್ಣದ ಅಸ್ಥಿ ಎದ್ದು ಕಾಣುತ್ತದೆ. ಆ ಅಸ್ಥಿಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಗ್ಲೇಜ್ ತಯಾರಿಕೆಯಲ್ಲೂ ಬಳಕೆಯಾಗುತ್ತದೆ. ಹವಳವನ್ನು ರೂಪಿಸಲು ಗ್ಲೇಜ್ ಹಚ್ಚಿ ಸುಟ್ಟ ಮಣ್ಣಿಗಿಂತ ಒಪ್ಪುವ ಮಾಧ್ಯಮ ಸಿಗುವುದು ಕಷ್ಟ.

ಮ್ಯಾಟಿಸನ್ ಕಡಲ ಪರಿಸರ ವಿಜ್ಞಾನವನ್ನೂ ಓದಿದವರು. ಕೈಯಲ್ಲೇ ರೂಪಿಸಿದ ಈ ಆಕಾರಗಳ ಮೇಲಿನ ಲೆಕ್ಕವಿಲ್ಲದ ತೂತುಗಳಿಗೆ ಅವರು ಬಳಸುವುದು ಚಾಪ್‌ಸ್ಟಿಕ್, ಕುಂಚದಂಥ ಸಾಮಾನ್ಯ ಸಲಕರಣೆಗಳನ್ನು.

ದಯವಿಟ್ಟು ಮುಟ್ಟಬೇಡಿ; ತುದಿಗಳು ಬಹಳ ನಾಜೂಕು.