ಪದ ಪರಿಚಯ: ಗಿರಾಕಿ

ಗಿರಾಕಿ

ನಮ್ಮ ಬೀದಿಯ ದರ್ಜಿಯೊಬ್ಬರು ತಮ್ಮ ಮಗನಿಗೆ, ‘ಬಂದ ಗಿರಾಕಿಗೆ ಮೊದಲು ಸ್ಟೂಲು ಕೊಡು, ಟೇಪು ಆಮೇಲೆ ಹಿಡಿ, ಅವರೇ ಇನ್ನಿಬ್ಬರನ್ನು ಕರೆತರುತ್ತಾರೆ’ ಎಂದು ಬುದ್ಧಿ ಹೇಳುತ್ತಿದ್ದುದನ್ನು ಕೇಳಿದಂದಿನಿಂದ ಈ ಪದದ ಕುಲವನ್ನು ವಿಚಾರಿಸಬೇಕೆಂಬ ಕುತೂಹಲ ನನ್ನಲ್ಲಿ ಹುಟ್ಟಿತು. ‘ಹಿಡಿ, ತೆಗೆದುಕೊಳ್ಳು’ ಎಂಬರ್ಥದ ಸಂಸ್ಕೃತ ‘ಗ್ರಹ್’ ಧಾತುವಿನಿಂದ ನಿಷ್ಪನ್ನವಾದ ‘ಗ್ರಾಹಕ’ವೇ ಇದರ ಮೂಲ, ಅದು ಆಡುನುಡಿಗಳಲ್ಲಿ ಸವೆದು ಹಿಂದಿಯಲ್ಲಿ ‘ಗಾಹಕ್’, ಗುಜರಾತಿಯಲ್ಲಿ ‘ಘರಾಕ್’, ಮರಾಠಿಯಲ್ಲಿ ‘ಗಿರ್ಹಾಯಿಕ್’ ಎಂದಾಗಿ, ಮರಾಠಿಯ ನಂಟಿನಿಂದಲೇ ನಮ್ಮ ಪೇಟೆಗಳಿಗೆ ಬಂದಂತೆ ತೋರುತ್ತದೆ. ವಿನೋದವೆಂದರೆ, ತೆಲುಗಿನ ‘ಗಿರಾಕಿ’ಗೆ ಸರಕಿಗಿರುವ ಬೇಡಿಕೆ ಎಂಬರ್ಥವುಂಟು, ತಮಿಳಿನ ‘ಕಿರಾಕ್ಕಿ’ಯಂತೂ ಇನ್ನೂ ಮುಂದೆ ಹೋಗಿ ಅಭಾವವನ್ನೂ ತುಟ್ಟಿಯನ್ನೂ ಸೂಚಿಸತೊಡಗಿ, ನೌಕರರ ತುಟ್ಟಿಭತ್ಯೆಗೆ ಅಲ್ಲಿ ‘ಕಿರಾಕ್ಕಿಪ್ಪಡಿ’ ಎಂಬ ಹೆಸರೇ ಇತ್ತು. ಕನ್ನಡದಲ್ಲಾದರೋ ಅದು ಮನುಷ್ಯನನ್ನು ಬಿಡಲಿಲ್ಲ. ‘ಅವನೊಬ್ಬ ಗಿರಾಕಿ’ ಎಂದಾಗ ಕೊಳ್ಳುವ ಮಾತೇ ಇಲ್ಲದೆ ಚಾಲಾಕಿನ ಆಸಾಮಿಯೊಬ್ಬನು ಕಣ್ಮುಂದೆ ನಿಲ್ಲುತ್ತಾನೆ. ಈ ಕೊಂಕಿಗೆ ಅಂಜಿಯೋ ಏನೋ, ಹೊಸ ವ್ಯಾಪಾರಿಗಳು ‘ಕ್ಲೈಂಟ್’ ಎನ್ನುತ್ತಾರೆ. ಗ್ರಾಹಕ ಸಂರಕ್ಷಣಾ ಕಾಯಿದೆಯ ಭಾಷೆಯನ್ನನುಸರಿಸಿ ಕಚೇರಿಗಳು ‘ಗ್ರಾಹಕ’ ಎನ್ನುತ್ತವೆ. ದರ್ಜಿಯ ಅಂಗಡಿಯ ಮೆಟ್ಟಿಲೇರಿ ಬರುವವರು ಇಂದಿಗೂ ಗಿರಾಕಿಗಳೇ.