ಬೊಮ್ಮಸಂದ್ರದಿಂದ ಹೊರಡದ ಸ್ಪೋರ್ಟ್ಸ್ ಕಾರು

ಕೂಡ್ಲಿಗಿ, ಕೊಟ್ಟೂರು, ಎಚ್‌.ಬಿ. ಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿಂದ ಕೇಳ್ತಿದ್ರೂ ಸ್ವಾಗತ. ಬಸ್ಸಲ್ಲಿ ಕೂತು ಇಯರ್‌ಫೋನ್ ಹಾಕ್ಕೊಂಡಿರೋರಿಗೆ ಇನ್ನೊಂದು ಸ್ವಾಗತ, ಯಾಕಂದ್ರೆ ಇವತ್ತಿನ ಕಥೆ ಗಾಡಿದೇ.

ಕಾರಿನ ಹೆಸರು ರೇವಾ ಎನ್‌ಎಕ್ಸ್‌ಜಿ. ಎರಡೇ ಸೀಟು, ಪೂರ್ತಿ ಎಲೆಕ್ಟ್ರಿಕ್. ಗಂಟೆಗೆ 130 ಕಿ.ಮೀ. ವೇಗ, ಒಂದು ಸಲ ಚಾರ್ಜ್ ಮಾಡಿದ್ರೆ 200 ಕಿ.ಮೀ. ಓಟ ಅಂತ ಕಂಪನಿ ಹೇಳಿತ್ತು. ವಿನ್ಯಾಸ ದಿಲೀಪ್ ಛಾಬ್ರಿಯಾ ಅವರದು. 2009ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟರ್ ಶೋದಲ್ಲಿ ಇದನ್ನ ಜಗತ್ತಿಗೆ ತೋರಿಸಿದ್ದು ನಮ್ಮ ಬೆಂಗಳೂರಿನ ಬೊಮ್ಮಸಂದ್ರದ ಕಂಪನಿ. 2011ಕ್ಕೆ ರಸ್ತೆಗೆ ಬರುತ್ತೆ ಅಂತ ಮಾತು. ಆ ಕಾರು ಯಾವತ್ತೂ ಮಾರಾಟಕ್ಕೆ ಬರಲಿಲ್ಲ.

ಯಾಕೆ ಬರಲಿಲ್ಲ? ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಅದಕ್ಕೇ ಈ ಕಥೆಯನ್ನ ಲೆಕ್ಕದ ಪುಸ್ತಕದ ಕಡೆಯಿಂದ ಹೇಳ್ತೀನಿ.

ಹಿಂದಿನ ಸಾಹಸಗಳು

ಬೆಂಗಳೂರಲ್ಲಿ ಸಣ್ಣ ಕಾರು ಕಂಪನಿ ಹೊಸದೇನಲ್ಲ. 1982ರಲ್ಲಿ ಸಿಪಾನಿ ಆಟೊಮೊಬೈಲ್ಸ್ 'ಡಾಲ್ಫಿನ್' ಅನ್ನೋ ಕಾರು ತಂತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ 'ಕಿಟನ್' ಕಾರಿನ ಭಾರತೀಯ ರೂಪ ಅದು. ಫೈಬರ್‌ಗ್ಲಾಸ್ ಮೈ, ತೂಕ ಕಡಿಮೆ. ಹಾಗಾಗಿ ರೇಸ್ ಓಡಿಸೋರಿಗೆ ಇಷ್ಟ ಆಯ್ತು. ಆದ್ರೆ ಎರಡೇ ಬಾಗಿಲು. ಮನೆಮಂದಿಯೆಲ್ಲ ಒಂದೇ ಕಾರಲ್ಲಿ ಹೋಗೋ ದೇಶದಲ್ಲಿ ಅದು ಕಷ್ಟ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಸಿಪಾನಿಯವರು 1987ರಲ್ಲಿ ನಾಲ್ಕು ಬಾಗಿಲಿನ 'ಮೊಂಟಾನಾ' ತಂದ್ರೂ ಮಾರುತಿಯ ವೇಗಕ್ಕೆ, ಬೆಲೆಗೆ ಎದುರು ನಿಲ್ಲೋಕೆ ಆಗಲಿಲ್ಲ.

ಆಮೇಲೆ 1998ರಲ್ಲಿ ಸ್ಯಾನ್ ಸ್ಟಾರ್ಮ್ ಬಂತು. ಅದೂ ಎರಡು ಸೀಟಿಂದು, ಅದೂ ಫೈಬರ್‌ಗ್ಲಾಸ್, ಒಳಗೆ ರೆನೊ ಎಂಜಿನ್. ತಯಾರಾಗ್ತಿದ್ದಿದ್ದು ಗೋವಾದಲ್ಲಿ. ಕಂಡವರೆಲ್ಲ ತಿರುಗಿ ನೋಡ್ತಿದ್ರು, ಕೊಂಡವರು ಕೆಲವೇ ಜನ.

ರೇವಾ ಹುಟ್ಟಿದ್ದು

ರೇವಾದ ಹಿಂದೆ ಇದ್ದವರು ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೋಲಾರ್ ಕಾರು ಕಟ್ಟಿದ ತಂಡದಲ್ಲಿದ್ದರು. ಆ ತಂಡ 1990ರಲ್ಲಿ ಆಸ್ಟ್ರೇಲಿಯಾದ ಸೋಲಾರ್ ರೇಸಿನಲ್ಲೂ ಓಡಿತ್ತು. 1994ರಲ್ಲಿ ಮೈನಿ ಗುಂಪು ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿ ಸೇರಿ ಕೆಲಸ ಶುರು ಮಾಡಿದ್ವು. ಕಾರು ರಸ್ತೆಗೆ ಬಂದಿದ್ದು 2001ರಲ್ಲಿ. ನೋಡ್ರಿ, ಮೊದಲ ಕಾರಿಗೇ ಏಳು ವರ್ಷ.

ಆ ಕಾಲಕ್ಕೆ ಚಾರ್ಜಿಂಗ್ ಪಾಯಿಂಟ್ ಅನ್ನೋ ಮಾತೇ ಜನಕ್ಕೆ ಗೊತ್ತಿರಲಿಲ್ಲ. ಮನೆಯ ಪ್ಲಗ್ಗಿಗೆ ಹಾಕಿದ್ರೆ ಸುಮಾರು 80 ಕಿ.ಮೀ. ಓಡೋ, ಎರಡು ಬಾಗಿಲಿನ ಪುಟ್ಟ ಗಾಡಿ ಅದು. ಒಳಗಿದ್ದದ್ದು ಲೆಡ್-ಆಸಿಡ್ ಬ್ಯಾಟರಿ, ಅಂದ್ರೆ ನಮ್ಮ ಮನೆಯ ಯುಪಿಎಸ್‌ನಲ್ಲಿ ಇರುತ್ತಲ್ಲ, ಅದರ ಜಾತಿದೇ. ಇಲ್ಲಿಗಿಂತ ಹೆಚ್ಚು ಹೆಸರು ಬಂದಿದ್ದು ಲಂಡನ್‌ನಲ್ಲಿ, 'ಜಿ-ವಿಜ್' ಅನ್ನೋ ಹೆಸರಲ್ಲಿ. ಅಲ್ಲಿ ನಗರದೊಳಗೆ ಕಾರು ತಂದ್ರೆ ಶುಲ್ಕ ಕಟ್ಟಬೇಕಿತ್ತು, ಎಲೆಕ್ಟ್ರಿಕ್ ಕಾರಿಗೆ ಆಗ ಅದು ಮಾಫಿ ಇತ್ತು. ಹಾಗೇ 2007ರಲ್ಲಿ ಅದರ ಸುರಕ್ಷತೆ ಬಗ್ಗೆ ಅಲ್ಲಿನ ಮಾಧ್ಯಮದಲ್ಲಿ ಕಟುವಾದ ಟೀಕೆಯೂ ಬಂತು.

3,500 ಮತ್ತು 30,000

ಈಗ ಲೆಕ್ಕಕ್ಕೆ ಬರೋಣ. 2010ರ ಹೊತ್ತಿಗೆ ಜಗತ್ತಿನಾದ್ಯಂತ ರಸ್ತೆಯಲ್ಲಿದ್ದ ರೇವಾ ಕಾರುಗಳು ಸುಮಾರು 3,500. ಎಲೆಕ್ಟ್ರಿಕ್ ಕಾರುಗಳ ಮಟ್ಟಿಗೆ ಆಗ ಅದು ದೊಡ್ಡ ಸಂಖ್ಯೆ. ಆದ್ರೆ ಒಂಬತ್ತು ವರ್ಷಕ್ಕೆ ಹಂಚಿ ನೋಡಿ, ವರ್ಷಕ್ಕೆ 400ಕ್ಕಿಂತ ಕಡಿಮೆ. ಫ್ರಾಂಕ್‌ಫರ್ಟ್‌ನಲ್ಲಿ ಎನ್‌ಎಕ್ಸ್‌ಜಿ ಜೊತೆ ಎನ್‌ಎಕ್ಸ್‌ಆರ್ ಅನ್ನೋ ನಾಲ್ಕು ಸೀಟಿನ ಕಾರನ್ನೂ ತೋರಿಸಿದ್ರು. ಅದು 2010ರಲ್ಲೇ ಬರಬೇಕಿತ್ತು. ಅದಕ್ಕಾಗಿ ಬೊಮ್ಮಸಂದ್ರದಲ್ಲಿ ಕಟ್ಟಬೇಕಿದ್ದ ಹೊಸ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 30,000. ವರ್ಷಕ್ಕೆ 400 ಮಾರೋನು 30,000ಕ್ಕೆ ಶೆಡ್ಡು ಹಾಕಬೇಕಂದ್ರೆ ಬಂಡವಾಳ ಎಲ್ಲಿಂದ ಬರಬೇಕು?

ಸಣ್ಣ ಕಾರ್ಖಾನೆಯ ನಿಜವಾದ ಸಂಕಟ ಇಲ್ಲಿದೆ. ಉದಾಹರಣೆಗೆ, ಒಂದು ಪ್ಲಾಸ್ಟಿಕ್ ಬಂಪರ್ ಅಚ್ಚಿಗೆ 50 ಲಕ್ಷ ರೂಪಾಯಿ ಅಂತ ಇಟ್ಕೊಳ್ಳಿ. 50,000 ಬಂಪರ್ ತೆಗೆದ್ರೆ ಒಂದಕ್ಕೆ ಬೀಳೋ ಅಚ್ಚಿನ ಖರ್ಚು 100 ರೂಪಾಯಿ. 500 ಮಾತ್ರ ತೆಗೆದ್ರೆ 10,000 ರೂಪಾಯಿ. ಅಚ್ಚು ಅದೇ, ಬಂಪರ್ ಅದೇ. ಹಾಗಾಗಿ ಬಿಡಿಭಾಗ ಕೊಡೋ ಕಂಪನಿ ದೊಡ್ಡ ಗಿರಾಕಿಯ ಆರ್ಡರ್ ಮುಗಿಸಿ ಆಮೇಲೆ ಸಣ್ಣವನ ಕಡೆ ತಿರುಗುತ್ತೆ. ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್ ಮಾಡಿಸೋಕೆ ಕೊಟ್ಟವರಿಗೆ ಇದು ಗೊತ್ತಿರೋದೇ. ವೆಲ್ಡಿಂಗ್ ಅಂಗಡಿಯವನು ಸೋಮಾರಿ ಅಂತಲ್ಲ. ಆಕ್ಸಲ್ ಬಂದಿರಲ್ಲ, ಟೈರ್ ಬಂದಿರಲ್ಲ. ಹತ್ತು ಸಾಮಾನಲ್ಲಿ ಒಂಬತ್ತು ಬಂದ್ರೂ ಗಾಡಿ ನಿಂತಲ್ಲೇ ನಿಂತಿರುತ್ತೆ. ಅಷ್ಟು ದಿನ ಆ ಒಂಬತ್ತು ಸಾಮಾನಿನ ದುಡ್ಡು ಅಲ್ಲೇ ಸಿಕ್ಕಿಹಾಕ್ಕೊಂಡಿರುತ್ತೆ. ಕಾಮರ್ಸ್ ಕ್ಲಾಸಲ್ಲಿ 'ದುಡಿಯುವ ಬಂಡವಾಳ' ಅಂತ ಓದ್ತೀವಲ್ಲ, ಅದು ಖಾಲಿಯಾಗೋದು ಹಿಂಗೇ.

ಒಂದೇ ತಿಂಗಳು, ಎರಡು ಒಪ್ಪಂದ

2010ರ ಮೇ ತಿಂಗಳು. ಅಮೆರಿಕದಲ್ಲಿ ಟೆಸ್ಲಾ ಅನ್ನೋ ಸಣ್ಣ ಕಂಪನಿಯಲ್ಲಿ ಟೊಯೊಟಾ 5 ಕೋಟಿ ಡಾಲರ್ ಹೂಡೋದಾಗಿ ಹೇಳ್ತು, ಆಗಿನ ದರದಲ್ಲಿ ಸುಮಾರು 230 ಕೋಟಿ ರೂಪಾಯಿ. ಅದೇ ವರ್ಷ ಅಮೆರಿಕ ಸರ್ಕಾರದಿಂದ ಟೆಸ್ಲಾಗೆ 46.5 ಕೋಟಿ ಡಾಲರ್ ಸಾಲದ ಒಪ್ಪಂದವೂ ಆಗಿತ್ತು, ಅಂದ್ರೆ 2,000 ಕೋಟಿ ರೂಪಾಯಿಗೂ ಮೇಲೆ. ಟೆಸ್ಲಾದ್ದೂ ಸಲೀಸಾದ ದಾರಿ ಆಗಿರಲಿಲ್ಲ. ಅವರ ಮೊದಲ ಕಾರು ರೋಡ್‌ಸ್ಟರ್ ಕೂಡ ಸ್ಪೋರ್ಟ್ಸ್ ಕಾರೇ. 2006ರಲ್ಲಿ ತೋರಿಸಿ, ಗೇರ್‌ಬಾಕ್ಸ್ ಕೈಕೊಟ್ಟು, ಮೊದಲ ಗಾಡಿ ಕೊಟ್ಟಿದ್ದು 2008ರಲ್ಲಿ.

ಅದೇ ಮೇ ತಿಂಗಳ 26ಕ್ಕೆ ಇಲ್ಲಿ ಮಹೀಂದ್ರ ಕಂಪನಿ ರೇವಾದ ಶೇ 55.2 ಪಾಲು ತಗೊಂಡಿತು. ಹೊಸದಾಗಿ ಹಾಕಿದ ಬಂಡವಾಳ ಸುಮಾರು 45 ಕೋಟಿ ರೂಪಾಯಿ. ಎರಡೂ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಬುದ್ಧಿವಂತಿಕೆಯಲ್ಲಿ ನಮ್ಮವರೇನು ಕಡಿಮೆ ಇರಲಿಲ್ಲ. ಬ್ಯಾಟರಿ ಖಾಲಿಯಾಗಿ ದಾರಿಯಲ್ಲಿ ನಿಂತ್ರೆ, ಒಂದು ಮೆಸೇಜ್ ಕಳಿಸಿದ್ರೆ ಸಾಕು, ಕಾದಿಟ್ಟ ಚಾರ್ಜನ್ನ ದೂರದಿಂದಲೇ ಬಿಡಿಸಿಕೊಡೋ 'ರಿವೈವ್' ಅನ್ನೋ ವ್ಯವಸ್ಥೆಯನ್ನ 2009ರಲ್ಲೇ ತೋರಿಸಿದ್ರು.

ಮಾಲೀಕರು ಬದಲಾದ ಮೇಲೆ ಯೋಜನೆಯೂ ಬದಲಾಗುತ್ತೆ. ಜನರಲ್ ಮೋಟರ್ಸ್ ಜೊತೆ ಸೇರಿ ಎಲೆಕ್ಟ್ರಿಕ್ ಸ್ಪಾರ್ಕ್ ಮಾಡೋ ಒಪ್ಪಂದ ಮುರಿದುಬಿತ್ತು. ಹೊಸ ಕಾರ್ಖಾನೆ ತೆರೆದಿದ್ದು 2012ರ ಆಗಸ್ಟ್‌ನಲ್ಲಿ. 2010ಕ್ಕೆ ಬರಬೇಕಿದ್ದ ಎನ್‌ಎಕ್ಸ್‌ಆರ್ 'ಇ2ಓ' ಅನ್ನೋ ಹೆಸರಲ್ಲಿ ಬಂದಿದ್ದು 2013ರ ಮಾರ್ಚ್‌ನಲ್ಲಿ. ಮೂರು ವರ್ಷ ತಡ.

ಆ ತಡಕ್ಕೆ ಇನ್ನೊಂದು ಪೆಟ್ಟು ಬಿತ್ತು. ಎಲೆಕ್ಟ್ರಿಕ್ ಕಾರಿಗೆ 1 ಲಕ್ಷ ರೂಪಾಯಿವರೆಗೆ ಕೇಂದ್ರದ ಸಬ್ಸಿಡಿ 2010ರ ನವೆಂಬರ್‌ನಲ್ಲಿ ಶುರುವಾಗಿ 2012ರ ಮಾರ್ಚ್‌ಗೆ ಮುಗೀತು. ಮುಂದಿನ ಸಬ್ಸಿಡಿ ಯೋಜನೆ, ಫೇಮ್, ಬಂದಿದ್ದು 2015ರ ಏಪ್ರಿಲ್‌ಗೆ. ಇ2ಓ ಬಂದಿದ್ದು ಸರಿಯಾಗಿ ನಡುವಿನ ಬರಗಾಲದಲ್ಲಿ. ದೆಹಲಿಯಲ್ಲಿ ಆನ್‌ರೋಡ್ ಬೆಲೆ 5.96 ಲಕ್ಷ, ಅದೂ ಅಲ್ಲಿನ ರಾಜ್ಯ ಸರ್ಕಾರದ ನೆರವು ಸೇರಿ. ಮಾರಾಟ ನಿರೀಕ್ಷೆ ಮುಟ್ಟಲಿಲ್ಲ. ಮಳೆ ಬಂದಾಗ ಬಿತ್ತನೆ ತಪ್ಪಿಸಿಕೊಂಡ ಹೊಲದ ಕಥೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸ್ಪೋರ್ಟ್ಸ್ ಕಾರು ಎಲ್ಲಿ ಹೋಯ್ತು?

ಮುಖ್ಯ ಕಾರೇ ಮೂರು ವರ್ಷ ತಡವಾದಾಗ ಎರಡು ಸೀಟಿನ ಶೋಕಿ ಕಾರಿಗೆ ಯಾರು ದುಡ್ಡು ಹಾಕ್ತಾರೆ? 2014ರ ಆಟೊ ಎಕ್ಸ್‌ಪೋದಲ್ಲಿ ಮಹೀಂದ್ರ 'ಹೇಲೋ' ಅನ್ನೋ ಎರಡು ಸೀಟಿನ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರನ್ನ ಮತ್ತೆ ತೋರಿಸಿತು. ಅದೂ ವೇದಿಕೆಯಿಂದ ಶೋರೂಮಿಗೆ ಬರಲಿಲ್ಲ. ಮುಂದೆ ಮಹೀಂದ್ರದ ದುಡ್ಡಲ್ಲಿ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಆಯ್ತು, ಆದ್ರೆ ಇಟಲಿಯಲ್ಲಿ. ಹೆಸರು ಪಿನಿನ್‌ಫರೀನಾ ಬತಿಸ್ತಾ. 2019ರಲ್ಲಿ ತೋರಿಸಿ, 2020ಕ್ಕೆ ಕೊಡ್ತೀವಿ ಅಂದಿದ್ದು, ತಯಾರಿ ಶುರುವಾಗಿದ್ದು 2022ರಲ್ಲಿ. ದುಡ್ಡಿದ್ದವರಿಗೂ ತಡ ತಪ್ಪಲಿಲ್ಲ ನೋಡ್ರಿ. ಚೇತನ್ ಮೈನಿ 2015ರಲ್ಲಿ ಮಹೀಂದ್ರ ರೇವಾದ ಸಿಇಒ ಹುದ್ದೆ ಬಿಟ್ಟು, ಆಮೇಲೆ ಬ್ಯಾಟರಿ ಬದಲಾಯಿಸೋ ಸನ್ ಮೊಬಿಲಿಟಿ ಕಡೆ ಹೋದ್ರು.

ನಮಗೇನು?

ನಮ್ಮ ಐದೂ ತಾಲ್ಲೂಕಿನಿಂದ ಐಟಿಐ, ಡಿಪ್ಲೊಮಾ ಮುಗಿಸಿ ಬೊಮ್ಮಸಂದ್ರ, ಜಿಗಣಿ ಕಡೆ ಕೆಲಸಕ್ಕೆ ಹೋಗೋರು ಇದ್ದೀರಿ. ಕಂಪನಿಯ ಒಂದು ತಾರೀಖು ಮುಂದೆ ಹೋದ್ರೆ ಮೊದಲು ನಿಲ್ಲೋದು ಗುತ್ತಿಗೆ ಕೆಲಸಗಾರರ ಶಿಫ್ಟ್. ಇನ್ನು ಕೆಲವರು ಹೊಸ ಎಲೆಕ್ಟ್ರಿಕ್ ಗಾಡಿಗೆ ಅಡ್ವಾನ್ಸ್ ಕಟ್ಟೋ ಯೋಚನೆಯಲ್ಲಿ ಇರ್ತೀರಿ. ಲೆಕ್ಕದ ಭಾಷೆಯಲ್ಲಿ ಹೇಳಬೇಕಂದ್ರೆ, ಗಾಡಿ ಕೈಗೆ ಬರೋವರೆಗೂ ನಿಮ್ಮ ಅಡ್ವಾನ್ಸ್ ಅಂದ್ರೆ ನೀವು ಕಂಪನಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ.

ಹಾಗಾಗಿ ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ. ತೋರಿಸಿದ್ದು ಮಾದರಿಯೋ, ಕಾರ್ಖಾನೆಯಿಂದ ಬಂದ ಗಾಡಿಯೋ? ತಡ ಆದ್ರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಬರೆದು ಕೊಡ್ತಾರಾ? ಹೇಳ್ತಿರೋ ಬೆಲೆ ಸಬ್ಸಿಡಿ ನಂಬಿಕೊಂಡಿದೆಯಾ, ಅದು ನಿಂತುಹೋದ್ರೆ ವ್ಯತ್ಯಾಸ ಯಾರು ಕಟ್ಟಬೇಕು?

ಮೂಲಾ ನಕ್ಷತ್ರ ಬಂತಂದ್ರೆ ಕೊಟ್ಟೂರಿನ ತೇರು ಹೊರಡಲೇಬೇಕು, ಅಲ್ಲಿ ಮುಂದೂಡೋ ಮಾತಿಲ್ಲ. ಕಾರು ಕಂಪನಿಯ ತಾರೀಖು ಆ ಥರದ್ದಲ್ಲ. ಅಷ್ಟು ತಿಳ್ಕೊಂಡು ದುಡ್ಡು ಕಟ್ಟಿ.