ಅಡ್ಡ ನಿಲ್ಲದೆ ಪಕ್ಕ ನಿಂತವರು: ವಿಡಿಯೋ ಗೇಮ್ ಜೊತೆಗಾರರು ರೂಪುಗೊಂಡ ಬಗೆ

ವಿಡಿಯೋ ಗೇಮ್‌ನ ನಾಯಕನನ್ನು ನಡೆಸುವುದು ಆಟಗಾರನ ಕೈ. ಅವನ ಪಕ್ಕದಲ್ಲಿ ಹೆಜ್ಜೆ ಹಾಕುವ ಜೊತೆಗಾರನನ್ನು ನಡೆಸುವುದು ಪ್ರೋಗ್ರಾಂ. ನಾಯಕ ಗೋಡೆಗೆ ಡಿಕ್ಕಿ ಹೊಡೆದರೆ ತಪ್ಪು ನಮ್ಮದೆಂದು ಸುಮ್ಮನಾಗುತ್ತೇವೆ. ಜೊತೆಗಾರ ಬಾಗಿಲಲ್ಲಿ ಅಡ್ಡ ನಿಂತರೆ ಸಿಟ್ಟೆಲ್ಲ ಅವನ ಮೇಲೆ. ಹೀಗಾಗಿ ಈ ಪಾತ್ರವನ್ನು ಕಟ್ಟುವುದು ಗೇಮ್ ತಯಾರಿಕೆಯ ಬಲು ಕಠಿಣ ಕೆಲಸಗಳಲ್ಲೊಂದು. ನಲವತ್ತು ವರ್ಷಗಳ ಈ ಹಾದಿಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಆಟಗಾರರು ಮನಸಾರೆ ಒಪ್ಪಿಕೊಂಡ ಜೊತೆಗಾರರು ಮೊದಲ ರೇಖಾಚಿತ್ರದಲ್ಲಿದ್ದಂತೆಯೇ ಉಳಿದವರಲ್ಲ. ತಯಾರಿಕೆಯ ನಡುವೆ ಬಂದ ತೊಡಕುಗಳನ್ನು ಬಿಡಿಸುತ್ತ ಹೋದಾಗ ಅವರಿಗೆ ಸ್ವಭಾವ ಒದಗಿತು.

ಆರಂಭದ ಗಟ್ಟಿ ಉದಾಹರಣೆ 1983ರದು. ಇನ್ಫೋಕಾಮ್ ಸಂಸ್ಥೆಗಾಗಿ ಸ್ಟೀವ್ ಮೆರೆಟ್ಸ್ಕಿ ಬರೆದ 'ಪ್ಲಾನೆಟ್‌ಫಾಲ್' ಬರೀ ಅಕ್ಷರಗಳ ಆಟ, ಚಿತ್ರವೇ ಇಲ್ಲ. ಅದರಲ್ಲಿ ಫ್ಲಾಯ್ಡ್ ಎಂಬ ಮಗುವಿನ ಮನಸ್ಸಿನ ರೋಬಾಟ್ ಆಟಗಾರನ ಬೆನ್ನಿಗೆ ಬಿದ್ದು, ಕೊನೆಗೆ ಅವನಿಗಾಗಿ ಜೀವ ಕೊಡುತ್ತದೆ. ಆ ಸಾವು ಓದಿ ಎಷ್ಟೋ ಮಂದಿ ಅತ್ತರು. ಫ್ಲಾಯ್ಡ್‌ಗೆ ನಡೆಯುವ ಕಷ್ಟವಿರಲಿಲ್ಲ, ಯಾರ ದಾರಿಗೂ ಅಡ್ಡ ಬರುವ ಭಯವಿರಲಿಲ್ಲ. ಪರದೆಗೆ ಆಳ ಬಂದು, ಕೋಣೆ, ಮೆಟ್ಟಿಲು, ಬಂದೂಕುಗಳು ಬಂದಾಗ ಪಾಡು ಶುರುವಾಯಿತು. 2000ರ 'ಡೈಕಟಾನ' ಇಬ್ಬರು ಜೊತೆಗಾರರನ್ನು ಆಟದ ಹೆಗ್ಗಳಿಕೆಯಾಗಿ ಮುಂದಿಟ್ಟಿತ್ತು. ಅವರು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತಿದ್ದರು, ಸುಲಭವಾಗಿ ಸಾಯುತ್ತಿದ್ದರು. ಅವರು ಸತ್ತರೆ ನಮ್ಮ ಆಟವೂ ಮುಗಿಯುತ್ತಿತ್ತು. ಹೆಗ್ಗಳಿಕೆಯೇ ಆ ಗೇಮ್‌ನ ದೊಡ್ಡ ದೂರಾಯಿತು.

ಅದಕ್ಕೂ ಮೊದಲು, 1998ರಲ್ಲಿ, ನಿಂಟೆಂಡೊದವರು ಬೇರೆ ದಿಕ್ಕಿನಿಂದ ಬಂದು ಒಬ್ಬ ಜೊತೆಗಾರ್ತಿಯನ್ನು ಕಂಡುಕೊಂಡಿದ್ದರು. 'ಒಕರಿನಾ ಆಫ್ ಟೈಮ್' ಆಟದಲ್ಲಿ ಯಾವ ಶತ್ರುವಿನ ಮೇಲೆ ಗುರಿ ನಿಂತಿದೆ ಎಂದು ತೋರಿಸಲು ಒಂದು ಗುರುತು ಬೇಕಿತ್ತು. ಮೊದಲು ಇಟ್ಟದ್ದು ಸಾದಾ ತ್ರಿಕೋನ. ಬರಿಯ ತ್ರಿಕೋನ ಸಪ್ಪೆಯೆನಿಸಿ ಯೋಶಿಯಾಕಿ ಕೊಯಿಜುಮಿ ಅದನ್ನು ಹಾರುವ ಯಕ್ಷಿಣಿಯಾಗಿ ಮಾಡಿದರು. ಆಕೆಯೇ ನಾವಿ. ಶತ್ರು ಕಂಡರೆ ಬಣ್ಣ ಬದಲಿಸುವುದು, ಕರೆದು ಎಚ್ಚರಿಸುವುದು, ಅವಳಿಗೊಂದು ಕಥೆ ಕಟ್ಟುವುದು, ಎಲ್ಲವೂ ಆ ಗುರುತಿನ ಬೆನ್ನಿಗೆ ಬಂದವು.

2007ರ 'ಪೋರ್ಟಲ್' ಆಟದ ಪೆಟ್ಟಿಗೆಯ ಕಥೆಯೂ ಇಂಥದೇ. ಒಂದು ಹಂತದಲ್ಲಿ ಆಟಗಾರ ಪೆಟ್ಟಿಗೆಯೊಂದನ್ನು ಕೊನೆಯವರೆಗೂ ಹೊತ್ತೊಯ್ಯಬೇಕು. ಪರೀಕ್ಷೆಗೆಂದು ಆಡಿದವರು ಅದನ್ನು ನಡುವೆಯೇ ಬಿಟ್ಟು ಹೋಗುತ್ತಿದ್ದರು. ವಾಲ್ವ್ ಸಂಸ್ಥೆಯವರು ಪೆಟ್ಟಿಗೆಯ ಮೇಲೆ ಗುಲಾಬಿ ಹೃದಯ ಬರೆದು, ಇದು ನಿನ್ನ ಸಂಗಾತಿ ಎಂದು ಆಟದೊಳಗಿನ ದನಿಯಿಂದ ಹೇಳಿಸಿದರು. ಆಮೇಲೆ ಯಾರೂ ಅದನ್ನು ಬಿಟ್ಟು ಹೋಗಲಿಲ್ಲ. ಕೊನೆಯ ಕಾಳಗಕ್ಕೆ ಬೇಕಾದ ಸುಡುವ ಕುಲುಮೆಯ ಬಳಕೆಯನ್ನು ಮೊದಲೇ ಕಲಿಸಬೇಕಿತ್ತು. ಅದಕ್ಕೆ ಅದೇ ಪೆಟ್ಟಿಗೆಯನ್ನು ನಮ್ಮ ಕೈಯಿಂದಲೇ ಬೆಂಕಿಗೆ ಹಾಕಿಸಿದರು. ಮಾತಿಲ್ಲದ, ಚಲನೆಯಿಲ್ಲದ ಆ ಪೆಟ್ಟಿಗೆಯನ್ನು ಸುಡಲು ಆಟಗಾರರು ಸಂಕಟಪಟ್ಟರು.

ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿದ್ದು ಜಪಾನಿನ ಫುಮಿತೊ ಉಯೆಡ. ಅವರ 'ಇಕೊ' ಆಟದ ಕೆಲಸ 1997ರಲ್ಲಿ ಮೊದಲ ಪ್ಲೇಸ್ಟೇಷನ್‌ಗಾಗಿ ಶುರುವಾಗಿ, ನಡುವೆ ಪ್ಲೇಸ್ಟೇಷನ್ 2ಕ್ಕೆ ಸ್ಥಳಾಂತರಗೊಂಡು, 2001ರಲ್ಲಿ ಮುಗಿಯಿತು. ಕೊಂಬಿನ ಹುಡುಗನೊಬ್ಬ ಯೋರ್ಡಾ ಎಂಬ ಹುಡುಗಿಯ ಕೈ ಹಿಡಿದು ಕೋಟೆಯಿಂದ ಪಾರಾಗುವುದಷ್ಟೇ ಕಥೆ. ಉಯೆಡ ತಮ್ಮ ವಿಧಾನವನ್ನು ಕಳೆಯುವ ವಿನ್ಯಾಸ ಎಂದು ಕರೆದರು. ಆ ಇಬ್ಬರ ಸಂಬಂಧಕ್ಕೆ ನೆರವಾಗದ್ದನ್ನೆಲ್ಲ ತೆಗೆದರು: ಬಗೆಬಗೆಯ ಶತ್ರುಗಳು ಹೋದರು, ಪರದೆಯ ಮೇಲಿನ ಜೀವಪಟ್ಟಿ ಹೋಯಿತು, ಯೋರ್ಡಾಳ ಮಾತು ಹುಡುಗನಿಗೂ ನಮಗೂ ಅರ್ಥವಾಗದ ಭಾಷೆಯಾಯಿತು. ಉಳಿದದ್ದು ಒಂದು ಗುಂಡಿ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಅವಳ ಕೈ ನಮ್ಮ ಕೈಯಲ್ಲಿ; ಬಿಟ್ಟರೆ ಅವಳು ಒಂಟಿ. ಜೊತೆಗಾರರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಶೋಧ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಬಾಂಧವ್ಯವನ್ನು ಸಂಭಾಷಣೆಯಲ್ಲಿ ಹೇಳದೆ ಬೆರಳಿನ ಒತ್ತಡಕ್ಕೆ ಒಪ್ಪಿಸಿದ್ದು ಅಲ್ಲಿಯೇ.

2006ರ 'ಹಾಫ್ ಲೈಫ್ 2: ಎಪಿಸೋಡ್ ಒನ್' ಆ ಪಾಠವನ್ನು ಬಂದೂಕಿನ ಆಟಕ್ಕೆ ತಂದಿತು. ಕತ್ತಲ ಸುರಂಗಗಳಲ್ಲಿ ಆಟಗಾರ ಟಾರ್ಚ್ ಹಿಡಿದು ಬೆಳಕು ಬಿಟ್ಟ ಕಡೆ ಜೊತೆಗಾರ್ತಿ ಆಲಿಕ್ಸ್ ಗುಂಡು ಹಾರಿಸುತ್ತಾಳೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗದು.

2013ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ಎರಡು ದೊಡ್ಡ ಪಾತ್ರಗಳು ಬಂದವು. ಇರ್ರ್ಯಾಷನಲ್ ಗೇಮ್ಸ್‌ನ 'ಬಯೋಶಾಕ್ ಇನ್ಫಿನಿಟ್' ಆಟದ ಎಲಿಜಬೆತ್ ಮೊದಮೊದಲು ಮಾತೇ ಆಡದ ಪಾತ್ರವಾಗಿದ್ದಳು. ಬರವಣಿಗೆ ಬೆಳೆದಂತೆ ಅವಳಿಗೆ ದನಿ ಬಂತು. ಹಿಂದಿನ ಬಯೋಶಾಕ್ ನಾಯಕರಂತೆ ಮೌನಿಯಾಗಬೇಕಿದ್ದ ಬುಕರ್ ಕೂಡ ಅವಳಿಗೆ ಉತ್ತರ ಕೊಡಲೇಬೇಕಾಯಿತು. 2010 ಮತ್ತು 2011ರ ಪ್ರದರ್ಶನಗಳಲ್ಲಿ ಅವಳ ಉಡುಪು, ಮೈಕಟ್ಟು, ಶಕ್ತಿಗಳು ಎಲ್ಲ ಬೇರೆಯೇ ಇದ್ದವು. ಸಾಯುತ್ತಿರುವ ಕುದುರೆಯನ್ನು ಬದುಕಿಸಲು ಅವಳು ಹೆಣಗುವ ದೃಶ್ಯವೊಂದು ಜನರ ಮನಸ್ಸಿನಲ್ಲಿ ನಿಂತಿತ್ತು, ಬಿಡುಗಡೆಯಾದ ಆಟದಲ್ಲಿ ಅದು ಇಲ್ಲ. ಕೃತಕ ಬುದ್ಧಿಮತ್ತೆಯ ಹೊಣೆ ಹೊತ್ತ ಜಾನ್ ಅಬರ್‌ಕ್ರಾಂಬಿ ಮತ್ತು ಸಂಗಡಿಗರಿಗೆ ಎದುರಾದ ಪ್ರಶ್ನೆ ಸರಳವಾಗಿತ್ತು. ನಾಯಕನ ಕಣ್ಣಿನಿಂದಲೇ ಲೋಕ ಕಾಣುವ ಆಟದಲ್ಲಿ ಬೆನ್ನ ಹಿಂದೆ ನಡೆಯುವವಳು ಕಾಣುವುದೇ ಇಲ್ಲ. ಆದ್ದರಿಂದ ಆಟಗಾರ ಎತ್ತ ಹೋಗುವನೆಂದು ಮುಂಚೆಯೇ ಊಹಿಸಿ ಅವಳನ್ನು ಮುಂದೆ ನಡೆಸಿದರು. ಮುಂದೆ ಹೋದವಳು ಸುಮ್ಮನೆ ನಿಂತರೆ ಗೊಂಬೆಯಂತೆ ಕಾಣುತ್ತಾಳೆ. ಹಾಗಾಗಿ ಒರಗಲು, ಬಗ್ಗಿ ನೋಡಲು, ಮುಟ್ಟಲು ಲೋಕದ ತುಂಬ ಗುರುತುಗಳನ್ನು ನೆಟ್ಟರು. ಗೋಪುರದಲ್ಲಿ ಬಂಧಿಯಾಗಿ ಬೆಳೆದವಳ ಕುತೂಹಲವೆಂದು ನಾವು ಓದಿಕೊಳ್ಳುವುದಕ್ಕೆ ಆ ಗುರುತುಗಳೇ ಆಧಾರ. ಕಾಳಗದಲ್ಲಿ ಶತ್ರುಗಳು ಅವಳನ್ನು ಮುಟ್ಟುವುದಿಲ್ಲ. ಅವಳನ್ನು ನೀವು ಕಾಯಬೇಕಿಲ್ಲ ಎಂದು ಆಟವೇ ತಿಳಿಸುತ್ತದೆ. ಮದ್ದುಗುಂಡು ಮುಗಿದಾಗ ಅವಳೇ ಕೂಗಿ ಎಸೆಯುತ್ತಾಳೆ. ಹೊರೆಯಾಗಬಹುದಾದವಳು ಆಸರೆಯಾದಳು.

'ದಿ ಲಾಸ್ಟ್ ಆಫ್ ಅಸ್' ಆಟದ ಎಲ್ಲೀಯ ಹಾದಿ ಇನ್ನೂ ಸುತ್ತುಬಳಸಿನದು. ನೀಲ್ ಡ್ರಕ್‌ಮನ್ 2004ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, 'ಇಕೊ' ಮಾದರಿಯ ಆಟವನ್ನು ಶವಗಳು ಎದ್ದು ಬರುವ ಲೋಕದಲ್ಲಿಡುವ ಯೋಚನೆಯನ್ನು ಚಿತ್ರನಿರ್ದೇಶಕ ಜಾರ್ಜ್ ರೊಮೆರೊ ಮುಂದಿಟ್ಟಿದ್ದರು. ಅದು ಆಯ್ಕೆಯಾಗಲಿಲ್ಲ. ಮುಂದೆ ನಾಟಿ ಡಾಗ್ ಸಂಸ್ಥೆಯಲ್ಲಿ ಅದಕ್ಕೆ ಮರುಜೀವ ಬಂದಾಗ, ಸೋಂಕು ಹೆಂಗಸರಿಗೆ ಮಾತ್ರ ತಗಲುತ್ತದೆ, ಈ ಹುಡುಗಿಯೊಬ್ಬಳೇ ಅದಕ್ಕೆ ಹೊರತು ಎಂದು ಕಥೆ ಹೆಣೆದರು. ಸಂಸ್ಥೆಯ ಮಹಿಳೆಯರು ಇದು ಸ್ತ್ರೀದ್ವೇಷದಂತೆ ಕೇಳುತ್ತದೆ ಎಂದು ಎತ್ತಿ ಹೇಳಿದರು. ಕಥೆಯನ್ನು ಕೈಬಿಟ್ಟು ಹೊಸದಾಗಿ ಕಟ್ಟಿದರು. ಸಹೋದ್ಯೋಗಿಗಳ ಆ ಆಕ್ಷೇಪ ಇಲ್ಲದಿದ್ದರೆ ಇಂದು ನಾವು ಬಲ್ಲ ಎಲ್ಲೀ ಇರುತ್ತಿರಲಿಲ್ಲ. ಪಾತ್ರದ ಚರಿತ್ರೆ ಬರೆಯುವವರು ಇದನ್ನು ಒತ್ತಿ ಹೇಳಬೇಕು. 2012ರಲ್ಲಿ ಅವಳ ಮುಖವೂ ಬದಲಾಯಿತು, ದನಿ ಕೊಟ್ಟ ಆ್ಯಶ್ಲಿ ಜಾನ್ಸನ್‌ರ ಹೋಲಿಕೆಗೆ ಹತ್ತಿರವಾಯಿತು. ಮುಖಪುಟದಲ್ಲಿ ಅವಳನ್ನು ಹಿಂದೆ ಸರಿಸಿ ಎಂಬ ಒತ್ತಾಯಕ್ಕೆ ತಂಡ ಮಣಿಯಲಿಲ್ಲ.

ಅವಳ ನಡವಳಿಕೆಯನ್ನು ಪ್ರೋಗ್ರಾಂ ಮಾಡಿದ ಮ್ಯಾಕ್ಸ್ ಡೈಕಾಫ್ ಒಂದೇ ಸೂತ್ರ ಹಿಡಿದರು: ಹತ್ತಿರವಿರು. ಆಟಗಾರ ನಡೆಸುವ ಜೋಯಲ್ ಗೋಡೆಯ ಮರೆಗೆ ಕೂತರೆ ಎಲ್ಲೀಯೂ ಅವನ ಮಗ್ಗುಲಲ್ಲಿ ಕೂರುತ್ತಾಳೆ. ದೂರವಿದ್ದವಳು ಎಲ್ಲಿ ಏನು ಮಾಡುತ್ತಾಳೋ ಎಂಬ ಕಿರಿಕಿರಿ ಹೋಗಿ, ಕಾಪಾಡಬೇಕೆಂಬ ಭಾವ ಬಂದದ್ದು ಈ ಸಾಮೀಪ್ಯದಿಂದ. ಇದಕ್ಕೊಂದು ಬೆಲೆಯೂ ಇತ್ತು. ನಾವು ಅಡಗಿರುವಾಗ ಅವಳು ಶತ್ರುವಿನ ಎದುರಿಗೇ ಓಡಿದರೂ ಅವನಿಗೆ ಕಾಣುವುದಿಲ್ಲ. ವಾಸ್ತವಿಕತೆ ಕೆಟ್ಟಿತೆಂದು ಕೆಲವರು ದೂರಿದರು. ಆದರೆ ಆ ರಾಜಿ ಸರಿಯಾದದ್ದೇ. ನಮ್ಮ ತಪ್ಪಿಲ್ಲದೆ ಅವಳಿಂದ ಒಮ್ಮೆ ಸಿಕ್ಕಿಬಿದ್ದಿದ್ದರೆ, ಹತ್ತು ಗಂಟೆ ಕಟ್ಟಿದ ಮಮತೆ ಅಲ್ಲೇ ಮುರಿಯುತ್ತಿತ್ತು.

ಉಯೆಡ ಮಾತ್ರ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. 2009ರಲ್ಲಿ ಘೋಷಣೆಯಾಗಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ವರ್ಗವಾಗಿ, 2016ರ ಡಿಸೆಂಬರಿನಲ್ಲಿ ಹೊರಬಂದ 'ದಿ ಲಾಸ್ಟ್ ಗಾರ್ಡಿಯನ್' ಆಟದ ಟ್ರಿಕೊ ನಾಯಿ, ಬೆಕ್ಕು, ಹಕ್ಕಿಗಳ ಲಕ್ಷಣ ಬೆರೆತ ದೈತ್ಯ ಪ್ರಾಣಿ. ಕರೆದ ಕೂಡಲೇ ಬರುವುದಿಲ್ಲ, ಹೇಳಿದ್ದನ್ನು ತಕ್ಷಣ ಮಾಡುವುದಿಲ್ಲ. ಬೇಸತ್ತವರು ಬಹಳ. ನನಗೆ ಅದು ಈ ಕ್ಷೇತ್ರದ ಅತ್ಯಂತ ಧೈರ್ಯದ ವಿನ್ಯಾಸ: ವಿಧೇಯತೆ ಇಲ್ಲದೆಯೂ ಪ್ರೀತಿ ಹುಟ್ಟಬಲ್ಲುದೆಂದು ಅದು ನಂಬಿತು.

2018ರ 'ಗಾಡ್ ಆಫ್ ವಾರ್' ಆಟದಲ್ಲಿ ನಾಯಕ ಕ್ರೇಟೋಸನ ಮಗ ಅಟ್ರೇಯಸ್‌ನನ್ನು ಪೂರ್ತಿ ತೆಗೆದುಬಿಡುವ ಯೋಚನೆಯೂ ಒಂದು ಹಂತದಲ್ಲಿ ಬಂದಿತ್ತು. ಖರ್ಚು, ತಾಂತ್ರಿಕ ತೊಡಕು ಅಷ್ಟಿದ್ದವು. ನಿರ್ದೇಶಕ ಕೋರಿ ಬಾರ್ಲಾಗ್ ಅವನನ್ನು ಉಳಿಸಿಕೊಂಡರು. ಮಗನಿಗೆಂದೇ ಒಂದು ಗುಂಡಿ ಮೀಸಲಾಯಿತು. ಅದನ್ನು ಒತ್ತಿದರೆ ಬಾಣ ಬಿಡುತ್ತಾನೆ. ಹುಡುಗ ಇಲ್ಲದ ಆ ಆಟವನ್ನು ಇಂದು ಊಹಿಸುವುದೂ ಕಷ್ಟ.

ಇತ್ತೀಚೆಗೆ ಆಟಗಾರರೂ ಈ ಕೆಲಸದಲ್ಲಿ ಪಾಲುದಾರರಾಗಿದ್ದಾರೆ. ಲೇರಿಯನ್ ಸಂಸ್ಥೆ 'ಬಾಲ್ಡರ್ಸ್ ಗೇಟ್ 3' ಆಟದ ಮೊದಲ ಭಾಗವನ್ನು 2020ರ ಅಕ್ಟೋಬರಿನಲ್ಲೇ ಮಾರಾಟಕ್ಕಿಟ್ಟು, ಪೂರ್ಣ ಆಟವನ್ನು 2023ರ ಆಗಸ್ಟ್‌ನಲ್ಲಿ ಹೊರತಂದಿತು. ಆ ನಡುವೆ ವಿಲ್ ಎಂಬ ಜೊತೆಗಾರನ ಕಥೆಯನ್ನು ಹೊಸದಾಗಿ ಬರೆದರು, ದನಿಯನ್ನೂ ಬದಲಿಸಿದರು. ಪಕ್ಕದ ಪಾತ್ರವಾಗಿದ್ದ ಕಾರ್ಲಾಕ್ ಪೂರ್ಣ ಜೊತೆಗಾರ್ತಿಯಾದಳು. ಹಾಲ್ಸಿನ್ ಎಂಬ ಪಾತ್ರದ ಮೇಲೆ ಆಟಗಾರರು ತೋರಿದ ಒಲವು ಅವನನ್ನೂ ತಂಡಕ್ಕೆ ಸೇರಿಸಿತು.

ಗೇಮ್ ತಯಾರಿಕೆಗೆ ಇಳಿಯಬೇಕೆಂದಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. 'ಪೋರ್ಟಲ್' ಮತ್ತು 'ಎಪಿಸೋಡ್ ಒನ್' ಆಟಗಳ ಒಳಗೇ ತಯಾರಕರ ವಿವರಣೆಗಳನ್ನು ಕೇಳುವ ಸೌಲಭ್ಯವಿದೆ. ಎಲಿಜಬೆತ್, ಎಲ್ಲೀ, ಅಟ್ರೇಯಸ್ ಕುರಿತು ಅವರ ತಯಾರಕರು ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಉಪನ್ಯಾಸ ಕೊಟ್ಟಿದ್ದಾರೆ. ಮುಗಿದ ಪಾತ್ರವನ್ನು ನಕಲು ಮಾಡಲು ಹೊರಡುವ ಮುನ್ನ ಇವನ್ನು ಕೇಳಿ. ಏನನ್ನು ಬಿಟ್ಟರು, ಯಾಕೆ ಬಿಟ್ಟರು ಎಂಬುದು ಅಲ್ಲಿ ಸಿಗುತ್ತದೆ.